ಉತ್ತರ ಸಿಕ್ಕಿದ ದೀಪ

ಲೈಟು ಹಾಗೇ ಇರಲಿ. ಆರಿಸಿ ಹಚ್ಚಿ ಆಟ ಆಡಬೇಡಿ, ನಿಮ್ಮ ದಮ್ಮಯ್ಯ. ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ.

ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನನ್ನ ಸೋದರತ್ತೆಯ ಮಗನಿಗೇ ಆದದ್ದು. ರೇಡಿಯೊ, ಫ್ಯಾನು, ಮಿಕ್ಸಿ ರಿಪೇರಿ ಮಾಡುವವನು ಅವನು. ಜೇಬಲ್ಲಿ ಸದಾ ಒಂದೆರಡು ಸೆಲ್ಲು ಕುಲುಕುತ್ತಿರುತ್ತವೆ ಅಂತ ಎಲ್ಲರೂ ಅವನನ್ನು ಬ್ಯಾಟರಿ ಅಂತಲೇ ಕರೆಯೋದು. ಅವತ್ತು ಅಂಗಡಿ ಮುಚ್ಚುವಾಗ ಹೊತ್ತಾಗಿತ್ತು. ದೋಣಿ ರಿಪೇರಿ ಮಾಡುವ ಶೆಡ್ಡುಗಳ ಹಿಂದಿನ ದಾರಿ ಹಿಡಿದು ಮನೆಗೆ ಹೊರಟಿದ್ದ. ಗಾಳಿ ಅಂದ್ರೆ ಗಾಳಿ... ತಗಡಿನ ಮಾಡು ಢಬ ಢಬ ಅಂತ ಬಡಿದುಕೊಳ್ಳುತ್ತಿತ್ತು. ಆ ದಾರಿಯಲ್ಲಿ ಒಂದು ಹಳೇ ಬಾವಿ ಇದೆ.

ಬಾವಿಯ ಹತ್ತಿರ ಬಂದಾಗ ಸದ್ದು ಕೇಳಿಸಿತು.

ಕರ್ರ್ರ್... ಟಿಕ್.

ಬ್ಯಾಟರಿ ನಿಂತ. ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದು ಅವನ ಕೈಯಿಂದಲೇ ಹುಟ್ಟಿದ ಸದ್ದು.

ತಡೀರಿ. ಅದನ್ನು ಹೇಳದೆ ಮುಂದೆ ಹೋದರೆ ನಿಮಗೆ ತಲೆಬುಡ ತಿಳಿಯಲ್ಲ.

ಬ್ಯಾಟರಿ ಇದ್ದದ್ದು ಅಕ್ಕನ ಮನೆಯಲ್ಲಿ. ಅಕ್ಕನ ಗಂಡ, ಅಂದರೆ ನಮ್ಮ ಭಾವ, ಹಾಯಿ ಹೊಲಿಯುವವರು. ಯಾರೋ ದುಡ್ಡಿದ್ದವರು ಸಾಕಾಗಿ ದಡಕ್ಕೆ ತಳ್ಳಿದ್ದ ಶೋಕಿಯ ಹಾಯಿದೋಣಿಯೊಂದನ್ನು ಕೇಳಿ ತಂದರು. ರಜೆ ಬಂದಾಗೆಲ್ಲಾ ಉಜ್ಜಿದರು, ತೂತು ಮುಚ್ಚಿದರು, ಹೊಸ ಹಾಯಿ ಹೊಲಿದು ಕಡಲಿಗೆ ಇಳಿಸಿದರು. ಒಬ್ಬ ಮನುಷ್ಯ ಕಾಲು ಮಡಚಿ ಮಲಗುವಷ್ಟು ಕೋಣೆ ಅದರಲ್ಲಿ. "ನನ್ನ ಸವತಿ" ಅಂತ ಅಕ್ಕ ಅದನ್ನು ಆಡಿಕೊಳ್ಳೋಳು. ಅಂಥ ದೋಣಿಯಲ್ಲಿ ಆಪತ್ತಿಗೆ ಅಂತ ಸಿಗ್ನಲ್ ದೀಪ ಇರಲೇಬೇಕು. ಅಂಗಡಿಯಲ್ಲಿ ಸಿಗುವಂಥದ್ದು ಭಾವನ ಕೈಗೆ ಎಟುಕುತ್ತಿರಲಿಲ್ಲ.

"ಮನೇಲೇ ಬ್ಯಾಟರಿ ಇಟ್ಕೊಂಡು ದೀಪಕ್ಕೆ ಯಾಕೆ ದುಡ್ಡು ಸುರೀಲಿ?" ಅಂದರು.

ಬ್ಯಾಟರಿ ಮಾಡಿಕೊಟ್ಟ. ಬಿಸ್ಕತ್ತಿನ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸೈಕಲ್ಲಿನ ಹಿಂದೆ ಮಿಣುಕುತ್ತಲ್ಲ, ಆ ಕೆಂಪು ದೀಪ. ಮುಚ್ಚಳದ ಸುತ್ತ ಮೇಣದಬತ್ತಿ ಕರಗಿಸಿ ಸುರಿದು, ಅದರ ಮೇಲೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದ. ನೀರಿಗೆ ಬಿದ್ದರೆ ನೆಟ್ಟಗೆ ನಿಲ್ಲಲಿ ಅಂತ ತಳದಲ್ಲಿ ಬಲೆಯ ಸೀಸದ ಗುಂಡು ಇಟ್ಟ. ಸ್ವಿಚ್ಚು ಅಂದರೆ ಖಾಲಿ ಪೆನ್ನಿನ ಕೊಳವೆ, ಅದರೊಳಗೆ ಬೇರಿಂಗಿನ ಉಕ್ಕಿನ ಗೋಲಿ. ಡಬ್ಬಿ ಬೋರಲಾಗಿ ತೂಗುತ್ತಿದ್ದರೆ ದೀಪ ಇಲ್ಲ. ನೆಟ್ಟಗೆ ಮಾಡಿದರೆ ಗೋಲಿ ಉರುಳಿ ತಂತಿಯ ಮೇಲೆ ಬೀಳುತ್ತೆ... ಕರ್ರ್ರ್, ಟಿಕ್. ದೀಪ ಮಿಣುಕುತ್ತೆ. ನೀರು ಒಳಗೆ ನುಗ್ಗುತ್ತಾ ಅಂತ ನೋಡಲು ಮಾಡಿ ನೋಡಿದ ಡಬ್ಬಿಗಳನ್ನೆಲ್ಲಾ ಹಗ್ಗಕ್ಕೆ ಕಟ್ಟಿ ರಾತ್ರಿಯಿಡೀ ಇಳಿಬಿಡುತ್ತಿದ್ದದ್ದು ಇದೇ ಬಾವಿಗೆ.

ಆಮೇಲೆ ಸಂಜೆಯಾದರೆ ಪರೀಕ್ಷೆ. ಭಾವ ದೋಣಿ ತಗೊಂಡು ಕೊಲ್ಲಿಯ ಬಾಯಿಯವರೆಗೆ ಹೋಗಿ ಡಬ್ಬಿ ನೆಟ್ಟಗೆ ಮಾಡೋರು. ಅಕ್ಕ ಮಹಡಿಯ ಅಡುಗೆಮನೆಯ ಲೈಟನ್ನು ಒಂದು ಸಲ ಆರಿಸಿ ಹಚ್ಚೋಳು. ನೋಡಿದೆ, ಅಂತ ಅರ್ಥ. ಉತ್ತರ ಸಿಕ್ಕಿದ ಕೂಡಲೇ ಭಾವ ಡಬ್ಬಿಯನ್ನು ಬೋರಲು ಕಟ್ಟಿಬಿಡಬೇಕು, ಸೆಲ್ಲು ಉಳೀಬೇಕಲ್ಲ. ಈ ನಿಯಮ ಬ್ಯಾಟರಿಯದು. ಭಾವ ಅದನ್ನು ಚಾಚೂ ತಪ್ಪದೆ ಪಾಲಿಸೋರು. ಕಟ್ಟುವ ಗಂಟು ಮಾತ್ರ ಅವರದೇ. ದಾರ ಎರಡು ಸುತ್ತು ಸುತ್ತಿ, ತುದಿಯನ್ನು ಸುತ್ತಿನೊಳಗೇ ತೂರಿಸಿ ಮಾಯ ಮಾಡಿಬಿಡೋರು. ಕಿಟಕಿಯ ಪರದೆ, ಹಿಟ್ಟಿನ ಚೀಲ, ಎಲ್ಲಕ್ಕೂ ಅದೇ ಗಂಟು. ಬಿಚ್ಚೋಕೆ ಬಾರದೆ ಅಕ್ಕ ಬೈಕೊಂಡು ಕತ್ತರಿ ಹುಡುಕೋಳು. ಮತ್ತೆ ಮನೆಗೆ ಬಂದವರೇ ಚಪ್ಪಲಿ ಬಿಡುತ್ತಾ ಒಂದೇ ಪ್ರಶ್ನೆ:

"ನೋಡಿದ್ಯಾ?"

"ನೋಡ್ದೆ ಕಣ್ರೀ, ಬನ್ನಿ ಊಟಕ್ಕೆ."

ಇಷ್ಟು ಗೊತ್ತಾಯ್ತಲ್ಲ? ಈಗ ಬಾವಿಗೆ ಬನ್ನಿ.

ಬ್ಯಾಟರಿ ಬಗ್ಗಿ ನೋಡಿದ. ಆಳದಲ್ಲಿ ಕೆಂಪು ದೀಪ. ಮಿಣುಕ್... ಮಿಣುಕ್. ಯಾವುದೋ ಡಬ್ಬಿ ತೆಗೆಯೋಕೆ ಮರೆತಿರಬೇಕು ಅಂದುಕೊಂಡು ಹಗ್ಗ ಎಳೆದ. ರಾಟೆ ಕೀಂಯ್... ಕೀಂಯ್... ಅಂತು. ಹಗ್ಗ ಹಗುರವಾಗಿ ಮೇಲೆ ಬಂತು. ತುದಿಯಲ್ಲಿ ಏನೂ ಇರಲಿಲ್ಲ.

ದೀಪ ಅಲ್ಲೇ ಇತ್ತು.

ಆಗ ಕೆಳಗಿನಿಂದ, ಪಿಸುದನಿಯಲ್ಲಿ...

"ನೋಡಿದ್ಯಾ?"

ಭಾವನ ದನಿ. ಬ್ಯಾಟರಿಯ ಕೈಯಲ್ಲಿ ಟಾರ್ಚು ಉರಿಯುತ್ತಿತ್ತು. ಏನು ಎತ್ತ ಅಂತ ಯೋಚಿಸುವ ಮೊದಲೇ ಹೆಬ್ಬೆರಳು ಅಕ್ಕ ಮಾಡುವ ಹಾಗೇ ಅದನ್ನು ಒಂದು ಸಲ ಆರಿಸಿ ಹಚ್ಚಿಬಿಟ್ಟಿತು.

ಕರ್ರ್ರ್.

ಬಾವಿಯೊಳಗಿನ ದೀಪ ಆರಿತು.

ಮನೆ ಹೇಗೆ ಮುಟ್ಟಿದನೋ ಅವನಿಗೇ ಗೊತ್ತಿಲ್ಲ. ಅಕ್ಕ ತಟ್ಟೆಗಳನ್ನು ಮುಚ್ಚಿಟ್ಟು ಕೂತಿದ್ದಳು.

"ಭಾವ ಎಲ್ಲಿ?"

"ಇನ್ನೂ ಬಂದಿಲ್ಲ ಕಣೋ. ನೀನು ಹೊಸ ಸೆಲ್ ಹಾಕಿಕೊಟ್ಟಿದ್ದೇ ತಪ್ಪಾಯ್ತು. ಇವತ್ತು ಆಟವೋ ಆಟ. ಹಚ್ಚೋದು, ನಾನು ಉತ್ತರ ಕೊಟ್ರೆ ಆರ್ಸೋದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಚ್ಚೋದು."

"ಯಾವಾಗಿಂದ ಅಕ್ಕಾ?"

"ಕತ್ತಲಾದಾಗಿಂದ..."

ಅಕ್ಕ ತಮ್ಮನ ಮುಖ ನೋಡಿದಳು. ಕಿಟಕಿಯ ಆಚೆ ಗಾಳಿಯ ಸದ್ದು ಕೇಳಿಸಿಕೊಂಡಳು. ಮುಚ್ಚಿದ ತಟ್ಟೆಯ ಮೇಲೆ ಕೈ ಹಾಗೇ ನಿಂತಿತು.

"ನಾನು ಎಲ್ಲದಕ್ಕೂ ಉತ್ತರ ಕೊಟ್ಟೆ ಕಣೋ," ಅಂದಳು.

ಪರೀಕ್ಷೆಗೂ ಅದೇ ದೀಪ, ಆಪತ್ತಿಗೂ ಅದೇ ದೀಪ. ಎರಡನ್ನೂ ಬೇರೆ ಮಾಡಬೇಕು ಅಂತ ಆ ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಮಾಡಿದವನಿಗೂ ಹೊಳೆದಿರಲಿಲ್ಲ.

ಬ್ಯಾಟರಿ ದೋಣಿ ಕಟ್ಟುವ ದಕ್ಕೆಗೆ ಓಡಿದ. ಮೋಟಾರು ದೋಣಿಯವನು ಎಚ್ಚರವಾಗೇ ಇದ್ದ.

"ನಾವೂ ನೋಡಿದ್ವಪ್ಪಾ," ಅಂದ. "ನಿಮ್ಮಕ್ಕ ಉತ್ತರ ಕೊಟ್ರು, ದೀಪ ಆರ್ತು. ದಿನಾ ಇದ್ದದ್ದೇ ಅಲ್ವಾ ಅಂದ್ಕೊಂಡ್ವಿ."

"ಈಗ ಹೋಗೋಣ ಬಾರಣ್ಣ. ಕಾಲಿಗೆ ಬೀಳ್ತೀನಿ."

"ಬರ್ತೀನಿ. ಆದ್ರೆ ಎಲ್ಲಿಗೆ? ಈ ಗಾಳಿಗೆ ದೋಣಿ ಎತ್ತ ತೇಲಿ ಹೋಗಿದ್ಯೋ. ಒಂದು ಬೆಳಕು ತೋರ್ಸು, ಅಲ್ಲಿಗೆ ಬಿಡ್ತೀನಿ."

ಬೆಳಕು ಎಲ್ಲಿತ್ತು? ಉತ್ತರ ಸಿಕ್ಕಿದ ದೀಪ ಆರಲೇಬೇಕಲ್ಲ. ಆದರೂ ಪುಣ್ಯಾತ್ಮ ದೋಣಿ ಬಿಟ್ಟ. ಡುಗು ಡುಗು ಡುಗು... ಆಗಾಗ ಇಂಜಿನ್ ನಿಲ್ಲಿಸಿ ಕಿವಿಗೊಡೋರು. ಅಲೆ ಹಲಗೆಗೆ ಹೊಡೆಯುವ ಛಪ್, ಛಪ್ ಬಿಟ್ಟರೆ ಬೇರೇನಿಲ್ಲ. ಹಿಂದೆ ತಿರುಗಿದರೆ ದೂರದಲ್ಲಿ ಮಹಡಿಯ ಅಡುಗೆಮನೆಯ ಲೈಟು. ಆರುತ್ತಿತ್ತು, ಹತ್ತುತ್ತಿತ್ತು. ಆರುತ್ತಿತ್ತು, ಹತ್ತುತ್ತಿತ್ತು. ಈಗ ಅಕ್ಕ ಕೇಳುತ್ತಿದ್ದಳು. ಉತ್ತರ ಕೊಡೋರು ಯಾರೂ ಇರಲಿಲ್ಲ.

ಬೆಳಗಾದ ಮೇಲೆ ಬಂಡೆಗಳ ಆಚೆ ದೋಣಿ ಸಿಕ್ಕಿತು. ಹಾಯಿ ಕಟ್ಟುವ ಕೂವೆಮರ ಮುರಿದಿತ್ತು, ಒಳಗೆ ಅರ್ಧ ನೀರು. ಭಾವ ಇರಲಿಲ್ಲ. ಅವತ್ತೂ ಸಿಗಲಿಲ್ಲ, ಆಮೇಲೂ ಸಿಗಲಿಲ್ಲ.

ಡಬ್ಬಿ ಮಾತ್ರ ಅದರ ಜಾಗದಲ್ಲೇ ತೂಗುತ್ತಿತ್ತು. ಬೋರಲಾಗಿ. ದಾರ ಎರಡು ಸುತ್ತು, ತುದಿ ಒಳಗೆ. ಗಾಬರಿಯಲ್ಲಿ ಕಟ್ಟಿದ ಗಂಟಲ್ಲ ಅದು. ಬ್ಯಾಟರಿ ಡಬ್ಬಿಯನ್ನು ನೆಟ್ಟಗೆ ಮಾಡಿದ. ಕರ್ರ್ರ್... ಟಿಕ್. ಹಗಲಿನಲ್ಲೂ ಕಣ್ಣಿಗೆ ಹೊಡೆಯುವಷ್ಟು ಚೆನ್ನಾಗಿ ಮಿಣುಕಿತು. ಹೆಂಡತಿ ನೋಡಿದಾಳೆ, ಇನ್ನೇನು ಜನ ಬರ್ತಾರೆ ಅಂತ ನಂಬಿ, ಭಾವ ಪ್ರತಿ ಸಲವೂ ದೀಪ ಆರಿಸಿ ಕತ್ತಲಲ್ಲಿ ಕೂತಿದ್ದರು. ಬ್ಯಾಟರಿ ಅಲ್ಲೇ ಕುಸಿದು ಚಿಕ್ಕ ಮಗುವಿನ ಹಾಗೆ ಅತ್ತ.

ಕತೆ ಇಲ್ಲಿಗೆ ಮುಗಿದಿದ್ದರೆ ನಾನು ಈ ಹೊತ್ತಲ್ಲಿ ಎತ್ತುತ್ತಲೇ ಇರಲಿಲ್ಲ.

ಗಾಳಿ ಎದ್ದ ರಾತ್ರಿಗಳಲ್ಲಿ ಕೊಲ್ಲಿಯ ಬಾಯಲ್ಲಿ ಕೆಂಪು ದೀಪ ಕಾಣುತ್ತೆ. ಅಕ್ಕ ಉತ್ತರ ಕೊಟ್ಟರೆ ಆರುತ್ತೆ. ಕೊಡದಿದ್ದರೆ ಬೆಳಗಿನವರೆಗೂ ಮಿಣುಕುತ್ತಲೇ ಇರುತ್ತೆ. ಉತ್ತರ ಕೊಡಬೇಡ ಅಂತ ಬ್ಯಾಟರಿ ಎಷ್ಟೋ ಹೇಳಿದ.

"ಕೊಡದಿದ್ರೆ ಯಾರೂ ನೋಡ್ಲೇ ಇಲ್ಲ ಅಂದ್ಕೋತಾರೆ," ಅಂದಳು ಅಕ್ಕ. "ಕೊಟ್ರೆ, ಬರ್ತಾರೆ ಅಂತ ಕಾಯ್ತಾರೆ. ನಾನೇನ್ ಮಾಡ್ಲಿ, ನೀನೇ ಹೇಳು."

ನೀವಾದರೂ ಹೇಳಿ ನೋಡೋಣ.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಆ ಡಬ್ಬಿ ನಡುಮನೆಯ ಮೊಳೆಯಲ್ಲಿ ಬೋರಲಾಗಿ ತೂಗುತ್ತಿತ್ತು. ಸೆಲ್ಲು ಯಾವಾಗಲೋ ತೆಗೆದಿದ್ದಾರೆ. ಹಳೇ ದಾರ ಪುಡಿಪುಡಿಯಾಗಿ ಇನ್ನೇನು ಬೀಳುವ ಹಾಗಿತ್ತು. ಕೈಗೆ ಬೇರೇನೂ ಸಿಗಲಿಲ್ಲ ಅಂತ ನನ್ನ ಎಡಗಾಲಿನ ಶೂ ಲೇಸು ಬಿಚ್ಚಿ ಅದಕ್ಕೇ ಕಟ್ಟಿದೆ. ನನಗೆ ಬರೋದು ಒಂದೇ ಗಂಟು, ಎರಡು ಕಿವಿ ಬಿಡೋದು, ಸ್ಕೂಲಲ್ಲಿ ಕಲಿತದ್ದು.

ಅಲ್ಲೇ ಚಾಪೆ ಹಾಸಿ ಮಲಗಿದೆ. ನಡುರಾತ್ರಿ ಗಾಳಿ ಎದ್ದಿತು. ಮಹಡಿಯ ಮೇಲೆ ಹೆಜ್ಜೆ ಸದ್ದು... ಸ್ವಿಚ್ಚು. ಟಪ್... ಟಪ್. ಒಂದೇ ಸಲ.

ಆಮೇಲೆ ನನ್ನ ತಲೆಯ ಹತ್ತಿರ, ಕತ್ತಲಲ್ಲಿ...

ಕರ್ರ್ರ್.

ನಾನು ಮುಸುಕು ತೆಗೆಯಲಿಲ್ಲ. ಬೇಕಾದರೆ ಹೇಡಿ ಅನ್ನಿ.

ಬೆಳಿಗ್ಗೆ ಎದ್ದು ನೋಡಿದೆ. ಡಬ್ಬಿ ಬೋರಲಾಗೇ ಇತ್ತು. ನನ್ನ ಲೇಸು ಎರಡು ಸುತ್ತು ಬಿಗಿದಿತ್ತು. ತುದಿ ಎಲ್ಲೂ ಕಾಣಲಿಲ್ಲ. ಉಗುರು ಹಾಕಿ ನೋಡಿದೆ, ಬಿಚ್ಚಲಿಲ್ಲ. ಕತ್ತರಿ ಕೇಳಿದರೆ ಅಕ್ಕ ಯಾಕೆ ಅಂತ ಕೇಳ್ತಾಳೆ. ಹಾಗೇ ಹೊರಟುಬಿಟ್ಟೆ.

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ನನ್ನ ಶೂ ಅಲ್ಲೇ ಬಾಗಿಲ ಹತ್ತಿರ ಇದೆ, ಹೋಗಿ ನೋಡಿ. ಎಡಗಾಲಿನದಕ್ಕೆ ಲೇಸಿಲ್ಲ.