ಅಲರ್ಜಿಯ ಕಲಂ ಖಾಲಿ ಬಿಟ್ಟವಳು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ದಾನ ಬಂದ ಅಂಗಾಂಶ ಕಾಪಿಡುವ ಈ ಟಿಶ್ಯೂ ಬ್ಯಾಂಕಿನ ವೈದ್ಯರೇ, ಸಿಬ್ಬಂದಿಯವರೇ, ನನ್ನ ಹಾಗೆಯೇ ಹೂಗುಚ್ಛ ಹಿಡಿದು ಮುಂದಿನ ಸಾಲಿನಲ್ಲಿ ಕುಳಿತಿರುವ ದಾನಿಗಳ ಮನೆಯವರೇ, ಸಭಿಕರೇ,

ಐದು ನಿಮಿಷ ಎಂದಿದ್ದಾರೆ. ನಾನು ಪಾಠ ಮಾಡುವವಳು. ಐದು ನಿಮಿಷದಲ್ಲಿ ಹಾಜರಿಯನ್ನೂ ಮುಗಿಸಿದವಳಲ್ಲ.

ದಾನಕ್ಕಾಗಿ ನನ್ನನ್ನು ಸನ್ಮಾನಿಸುತ್ತಿದ್ದೀರಿ. ಹಾಗಾದರೆ ನಾನು ಮಾಡಿದ ತಪ್ಪನ್ನೂ ಹೇಳಬೇಡವೇ? ಎರಡು ವರ್ಷದ ಹಿಂದೆ ನಮ್ಮ ಯಜಮಾನರು ತೀರಿಕೊಂಡ ಮಧ್ಯಾಹ್ನ, ಅವರ ಮೂಳೆ ಮತ್ತು ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜು ಕೊಡುತ್ತೀರಾ ಎಂದು ಕೇಳಿ ಆಸ್ಪತ್ರೆಯಲ್ಲಿ ಒಂದು ಫಾರಂ ಕೊಟ್ಟರು. ಅದರಲ್ಲಿ ಅಲರ್ಜಿ ಎಂಬ ಕಲಂ ಇತ್ತು. ಇವರಿಗೆ ಕಡಲೆಬೀಜ ಸೋಕಿದರೆ ತುಟಿ ಊದುತ್ತಿತ್ತು. ಹಳೆಯ ಪುಸ್ತಕ ಬಿಚ್ಚಿದರೆ ಸೀನು, ಒಂದಲ್ಲ, ಎರಡಲ್ಲ, ಅಳೆದಿಟ್ಟ ಹಾಗೆ ಮೂರು. ನಾನು ಕವಿತೆ ಓದಿ ಹೇಳುತ್ತಿದ್ದರೆ ಒಳ್ಳೆಯ ಸಾಲು ಬರುವ ಹೊತ್ತಿಗೇ ಆ ಮೂರೂ. "ಕವಿತೆ ನನ್ನ ಮೈಗೆ ಒಗ್ಗಲ್ಲ ಕಣೇ" ಎನ್ನುತ್ತಿದ್ದರು. ಇದನ್ನೆಲ್ಲ ಬರೆದರೆ ಅವರನ್ನು ಬೇಡವೆಂದುಬಿಟ್ಟಾರು ಎಂದು ಹೆದರಿ ಕಲಂ ಖಾಲಿ ಬಿಟ್ಟೆ.

ಆಮೇಲೆ ನೆಮ್ಮದಿ ಎಲ್ಲಿ? ಯಾರೋ ಅವರ ಮೂಳೆ ಹಾಕಿಸಿಕೊಂಡು, ಏನೂ ಅರಿಯದೆ ಒಂದು ಹಿಡಿ ಕಡಲೆಬೀಜ ಬಾಯಿಗೆ ಹಾಕಿಕೊಂಡರೆ? ಮೂರು ತಿಂಗಳು ಅದೇ ಕೊರಗು. ಕೊನೆಗೆ ಟಿಶ್ಯೂ ಬ್ಯಾಂಕಿಗೆ ಹೋಗಿ, ಅಂಗಾಂಶ ತೊಳೆಯುವ ಕೋಣೆಯ ಮೇಲ್ವಿಚಾರಕಿಯ ಮುಂದೆ ಒಪ್ಪಿಕೊಂಡೆ. ಆಕೆ ಕೈಗವಸು ಕಳಚಿ, ಮೊದಲು ಗದರಿದರು.

"ಬರೀಬೇಕಿತ್ತು ಮೇಡಂ. ಬೇಕೋ ಬೇಡವೋ ನಾವು ನೋಡ್ಕೋತೀವಿ." ಆಮೇಲೆ ಕುರ್ಚಿ ಎಳೆದುಕೊಟ್ಟರು. "ಅಲರ್ಜಿ ಇರೋದು ರಕ್ತದಲ್ಲಿ, ಜೀವಕೋಶದಲ್ಲಿ. ಮೂಳೆಯಿಂದ ಅದನ್ನೆಲ್ಲ ತೊಳೆದು ತೆಗೀತೀವಿ. ಲಿವರ್, ಅಸ್ಥಿಮಜ್ಜೆ ಕಸಿ ಮಾಡಿದಾಗ ಅಪರೂಪಕ್ಕೆ ಅಲರ್ಜಿ ದಾಟಿದ್ದುಂಟು. ಇದರಲ್ಲಿ ನಾನು ಕಂಡಿಲ್ಲ. ನಮ್ಮ ಭಯವೇ ಬೇರೆ. ತೊಳೆಯೋ ಆಂಟಿಬಯಾಟಿಕ್ ಚೂರು ಉಳಿದಿರಬಹುದು. ಅದಕ್ಕೇ ಅದರ ಹೆಸರು ಪ್ಯಾಕೆಟ್ ಮೇಲೆ ಬರೆದಿರ್ತೀವಿ. ಹಾಕಿಸಿಕೊಳ್ಳೋರಿಗೆ ಅದು ಆಗಲ್ಲ ಅಂದ್ರೆ ಡಾಕ್ಟರು ಬೇರೆ ದಾರಿ ನೋಡ್ತಾರೆ."

"ಹಾಗಾದ್ರೆ ಯಾರೂ ಸೀನಲ್ವಾ?" ಎಂದೆ.

"ಸೀನ್ತಾರೆ. ಅವರವರ ಸೀನು."

ನಗಬೇಕಿತ್ತು, ಅತ್ತುಬಿಟ್ಟೆ. ಆ ಮೂರು ತಿಂಗಳು ಬಸ್ಸಿನಲ್ಲಿ, ಗ್ರಂಥಾಲಯದಲ್ಲಿ ಯಾರಾದರೂ ಮೂರು ಸಲ ಸೀನಿದರೆ ತಿರುಗಿ ನೋಡುತ್ತಿದ್ದೆ. ಹೆದರಿಕೆಯಿಂದ ಎಂದುಕೊಂಡಿದ್ದೆ. ಅವರನ್ನೇ ಹುಡುಕುತ್ತಿದ್ದೆ ಎಂದು ಆವತ್ತು ಗೊತ್ತಾಯಿತು. ಈಗಷ್ಟೇ ಇಲ್ಲಿ ಅಧ್ಯಕ್ಷರು ಸೀನಿದಾಗಲೂ ತಿರುಗಿದೆ. ಕ್ಷಮಿಸಿ ಸರ್, ಎರಡಕ್ಕೇ ನಿಲ್ಲಿಸಿಬಿಟ್ಟಿರಿ.

ಹೊರಡುವಾಗ ಆಕೆ ಬಾಗಿಲವರೆಗೆ ಬಂದರು. "ಹೆಸರು ಕೇಳಬೇಡಿ. ನಿಮ್ಮವರ ಸ್ನಾಯುರಜ್ಜು ಹಾಕಿಸಿಕೊಂಡವರು ಈಗ ಮೆಟ್ಟಿಲು ಹತ್ತುತ್ತಾರೆ."

ಅವರು ಈ ಸಭೆಯಲ್ಲೇ ಇರಬಹುದು. ಇದ್ದರೆ ಒಂದು ಮಾತು: ಧಾರಾಳವಾಗಿ ಕಡಲೆಬೀಜ ತಿನ್ನಿ. ಇಪ್ಪತ್ತಮೂರು ವರ್ಷ ಅದು ನಮ್ಮ ಹೊಸ್ತಿಲು ದಾಟಿರಲಿಲ್ಲ. ಇವತ್ತು ಬರುವ ದಾರಿಯಲ್ಲಿ ನಾನೂ ಹುರಿದದ್ದು ಒಂದು ಪೊಟ್ಟಣ ಕೊಂಡೆ. ಚೀಲದಲ್ಲಿದೆ, ಇನ್ನೂ ಬೆಚ್ಚಗಿದೆ.

ತೊಳೆಯುವ ಕೈಗಳಿಗೂ, ಇಷ್ಟು ಹೊತ್ತು ಕೇಳಿದ ಕಿವಿಗಳಿಗೂ ಕೃತಜ್ಞಳು. ಪೊಟ್ಟಣ ಆರುವ ಮುಂಚೆ ಇಳಿಯುತ್ತೇನೆ. ನಮಸ್ಕಾರ.