ಹಿಂದಿನಿಂದ ಕರೆದ ದನಿ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಇದು ನಮ್ಮ ಬೀದಿಯ ಟೈಲರಮ್ಮನಿಗೆ ಆದದ್ದು, ದೀಪ ಹಚ್ಚುವ ಹೊತ್ತಿನಲ್ಲಿ. ಅವಳ ಅಮ್ಮ ಇದ್ದ ವೃದ್ಧಾಶ್ರಮದಿಂದ ಬಸ್ ಸ್ಟಾಪಿಗೆ ಬರುವ ದಾರಿಯಲ್ಲಿ ಒಂದು ಹಾಳುಬಾವಿ. ಮುಂದೆ ಗಂಡ, ಹಿಂದೆ ಅವಳು. ಬಾವಿ ದಾಟಿದರು, ಅಷ್ಟೇ... ಬೆನ್ನ ಹಿಂದೆ ಸದ್ದು.

ಟಕ್... ಸರ್‍ರ್... ಟಕ್... ಸರ್‍ರ್...

ಅಮ್ಮನ ವಾಕರ್! ಒಂದು ಕಾಲಿನ ರಬ್ಬರ್ ಕಳಚಿಹೋಗಿ ಅದು ಹಾಗೇ ಬಡಿಯುತ್ತಿತ್ತು. ಮಧ್ಯಾಹ್ನವೆಲ್ಲ ಕೇಳಿದ್ದಳಲ್ಲ.

ರಜೆ ಸಿಕ್ಕಿತೆಂದು ಎಂಟು ತಿಂಗಳ ಮೇಲೆ ನೋಡಲು ಬಂದಿದ್ದರು. ಅಮ್ಮನಿಗೆ ಗುರುತೇ ಸಿಗಲಿಲ್ಲ. "ಕೂತ್ಕೋಮ್ಮ. ನನ್ನ ಮಗಳು ಬರ್ತಾಳೆ. ಅವಳೂ ನಿನ್ನ ಹಾಗೇ ದಪ್ಪ," ಅಂದಳು. ಅಳಿಯ ನಕ್ಕ. ಒಂದೇ ಒಂದು ಸಲ ಮೊದಲಿನಂತೆ 'ಚಿನ್ನೀ' ಅಂದಿದ್ದರೆ ಸಾಕಿತ್ತು ಮಗಳಿಗೆ.

ಹೊರಡುವಾಗ ಅಮ್ಮ ಸ್ವೆಟರಿನಿಂದ ಕಿತ್ತುಬಂದ ಕೆಂಪು ಬಟನ್ ಮುಂದೆ ಹಿಡಿದಳು. "ಹಾಕ್ಕೊಡ್ತೀಯಾ?"

ಊರಿಗೆಲ್ಲ ಬಟನ್ ಹಾಕುವವಳು, ರಜೆ ಅಂತ ಅವತ್ತು ಸೂಜಿದಾರ ಮನೆಯಲ್ಲೇ ಬಿಟ್ಟಿದ್ದಳು. "ಇರಮ್ಮ, ಸೂಜಿದಾರ ತಗೊಂಡು ಈಗ ಬಂದೆ," ಎಂದು ಸುಳ್ಳು ಹೇಳಿ ಹೊರಬಿದ್ದಳು. ಹಾಗೆ ಹೇಳಿಹೋದರೆ ಅಜ್ಜಿ ಅಳುವುದಿಲ್ಲ ಅಂತ ಆಶ್ರಮದ ಆಯಾ ಹೇಳಿಕೊಟ್ಟಿದ್ದಳು. ಅಮ್ಮ ಬಟನ್ನನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಬಾಗಿಲನ್ನೇ ನೋಡುತ್ತ ಕೂತಳು.

ಟಕ್... ಸರ್‍ರ್...

"ತಿರುಗಬೇಡ," ಗಂಡ ಪಿಸುಗುಟ್ಟಿದ.

"ಅಮ್ಮ ಕಣ್ರೀ..."

"ಇಷ್ಟು ದೂರ ಅವರ ಕೈಲಿ ನಡೆಯೋಕಾಗುತ್ತಾ? ನಡಿ ಸುಮ್ನೆ. ಕರೆದ್ರೂ ಓಗೊಡಬೇಡ."

ಸದ್ದು ನಿಂತಿತು. ಆಮೇಲೆ ಕಿವಿಯ ಹತ್ತಿರ, ಉಸಿರು ತಾಗುವಷ್ಟು ಹತ್ತಿರ...

"ಚಿನ್ನೀ..."

ಅವಳು ತಿರುಗಲಿಲ್ಲ. ಓಗೊಡಲಿಲ್ಲ. ಹೆತ್ತವಳ ದನಿಗೇ ಹೆದರಿ, ಪಾಪ, ಗಂಡನ ತೋಳು ಹಿಡಿದು ಓಡಿದಳು.

ಬಸ್ ಹತ್ತುವಷ್ಟರಲ್ಲಿ ಆಯಾಳ ಫೋನ್. "ಅಜ್ಜಿ ಹೋಗ್ಬಿಟ್ರು... ಕುರ್ಚಿಯಲ್ಲೇ. ನೀವು ಗೇಟ್ ದಾಟಿದ ಬೆನ್ನಿಗೇ."

ವಾಪಸ್ ಓಡಿದರು. ವಾಕರ್ ಗೋಡೆಗೆ ಒರಗಿತ್ತು. ಅಮ್ಮನ ಮುಷ್ಟಿ ಬಿಚ್ಚಿಕೊಂಡಿತ್ತು... ಬರಿಗೈ. ಕುರ್ಚಿಯ ಕೆಳಗೆಲ್ಲ ಹುಡುಕಿದರೂ ಬಟನ್ ಸಿಗಲಿಲ್ಲ.

ಈಗ ಹಿಂದಿನಿಂದ ಯಾರು ಕೂಗಿದರೂ ಟೈಲರಮ್ಮ ಮಿಷನ್ ನಿಲ್ಲಿಸಿ ತಟ್ಟನೆ ತಿರುಗುತ್ತಾಳೆ. "ಹಾಂ, ಬಂದೆ," ಅನ್ನುತ್ತಾಳೆ. ಆ ಮುಖ ನೋಡಲಾಗುವುದಿಲ್ಲ.

ಕಟ್ಟುಕತೆ ಅಂತೀರಾ? ಕಾರ್ಯವೆಲ್ಲ ಮುಗಿದ ಮೇಲೆ ಅವಳು ಅಂಗಡಿಯ ಬೀಗ ತೆಗೆದಾಗ ನಾನು ಪಕ್ಕದಲ್ಲೇ ಇದ್ದೆ. ಹೊಲಿಗೆ ಮಿಷನ್ ಮೇಲೆ ಕೆಂಪು ಬಟನ್ ಇತ್ತು. ನಾನೇ ಮುಟ್ಟಿ ನೋಡಿದೆ... ಇನ್ನೂ ಬೆಚ್ಚಗಿತ್ತು.