ಓಟಕ್ಕೆ ಮುಂಚಿನ ಹತ್ತು ದಿನ

...ಏಳು ವರ್ಷ ಕಣೇ! ಏಳು ವರ್ಷ ನಿನ್ನ ತಿದ್ದಿ ತೀಡಿ ಓಡಿಸಿದವಳು ನಾನು. ಆ ಹೊಸ ಕೋಚ್ ಹತ್ರ ಹೋಗಿ ಇನ್ನೂ ಎರಡು ತಿಂಗಳಾಗಿಲ್ಲ. ಭಾನುವಾರ ಗೆದ್ದ ಮೇಲೆ ಪೇಪರಿನವರ ಮುಂದೆ ಯಾರಿಗೆ ಥ್ಯಾಂಕ್ಸ್ ಹೇಳಿದೆ? ಅವನಿಗೆ! 'ಅಕ್ಕ' ಅಂತ ಒಂದು ಮಾತು ಬಾಯಿಗೆ ಬರಲಿಲ್ವಾ ನಿಂಗೆ?

ಕೂತ್ಕೋ. ಕೂತ್ಕೋ ಅಂದೆ! ಈ ರೂಮೇನು ಹೊಸದಾ? ಅದೇ ತೂಕದ ಬಿಲ್ಲೆಗಳು, ಅದೇ ಹರಿದ ಚಾಪೆ, ಅದೇ ದಾಖಲೆ ಬೋರ್ಡು. ಕಾಲು ಉಳುಕಿದಾಗ ನಿಂಗೆ ಐಸ್ ಇಟ್ಟಿದ್ದು ಇದೇ ಬೆಂಚಲ್ಲಿ. ನಿಮ್ಮಮ್ಮ 'ಮಗಳು ಸೊರಗಿ ಹೋದ್ಲು, ಓಟ ಬಿಡಿಸ್ತೀನಿ' ಅಂದಾಗ ಗೋಗರೆದು ಒಪ್ಪಿಸಿದ್ದು ಯಾರು?

ಯಾಕೆ ನಗ್ತೀಯ? ಅವನೇನು ಕಲಿಸಿದ, ಹೇಳು ನೋಡೋಣ! ಗುಡ್ಡ ಹತ್ತಿಸಿದ್ದು ನಾನು. ನಾನೂರು ಮೀಟರ್ ಹತ್ತು ಸಲ, ನಡುವೆ ಒಂದೇ ನಿಮಿಷ ಸುಧಾರಿಸ್ಕೊಳ್ಳೋದು... ಅದೂ ನಂದೇ. ಅವನು ಮಾಡಿದ್ದಿಷ್ಟೇ. ಓಟಕ್ಕೆ ಹತ್ತು ದಿನ ಇರೋವಾಗ ಅರ್ಧಕ್ಕರ್ಧ ಕಡಿಮೆ ಓಡಿಸಿ, ಕೊನೆ ಎರಡು ದಿನ ಸುಮ್ಮನೆ ಮಲಗಿಸಿದ. ಮೈ ಕಟ್ಟಿದವಳು ನಾನು, ಹೆಸರು ಅವನಿಗೆ!

ಹೌದು, ನಾನು ಹಿಂದಿನ ದಿನದ ತನಕ ದುಡಿಸ್ತಿದ್ದೆ. ಬಿಟ್ಟರೆ ಕಾಲು ಜಡ ಆಗುತ್ತೆ ಅಂತ. ನಮ್ಮ ಕಾಲದಲ್ಲಿ ಈ ರೆಸ್ಟು ಗಿಸ್ಟು ಯಾರಿಗೆ ಗೊತ್ತಿತ್ತು ಮಾರಾಯ್ತಿ? ಪ್ರತಿ ಸಲ ಕೊನೇ ಸುತ್ತಲ್ಲಿ ನಿನ್ನ ಕಾಲು ಸೋತಾಗ ನನ್ನ ಕರುಳು ಚುರುಕ್ ಅಂತಿತ್ತು.

ಏನದು, ಬ್ಯಾಗಿಂದ ತೆಗೀತಿರೋದು?

ಆ ನೀಲಿ ನೋಟ್‌ಬುಕ್... ನಮ್ಮ ಯಜಮಾನ್ರು ಕೊಟ್ಟರಾ? ಮುಚ್ಚೇ ಅದನ್ನ. ನಾನು ಓಡ್ತಿದ್ದ ಕಾಲದಲ್ಲಿ ಬರ್ಕೊಂಡಿದ್ದು, ಹಳೇ ಕಸ. ಆ ಪುಟದ ಮೇಲೇ ಯಾಕೆ ಬೆರಳು? ಓದೋಕೆ ಬರುತ್ತೆ ನಂಗೆ, ನನ್ನದೇ ಅಕ್ಷರ. 'ಓಟಕ್ಕೆ ಹತ್ತು ದಿನ. ಇನ್ನು ಅರ್ಧ ಓಟ ಸಾಕು. ಕೊನೆ ಎರಡು ದಿನ ಪೂರ್ತಿ ವಿಶ್ರಾಂತಿ.'

ಅದು... ಮರ್ತೇ ಹೋಗಿತ್ತು ಕಣೇ. ನಿನ್ನಾಣೆ...

ಬೈಯಿ ಬೇಕಾದ್ರೆ. ಹಾಗೆ ಗೋಡೆ ಮೇಲಿನ ಆ ದಾಖಲೆ ಬೋರ್ಡ್ ಕಡೆ ನೋಡ್ಬೇಡ್ವೇ!

...ಎಂಟುನೂರು ಮೀಟರ್, ಹೆಂಗಸರು. ಇಪ್ಪತ್ತೊಂದು ವರ್ಷ ಅಲ್ಲಿ ನನ್ನ ಹೆಸರೇ ಇತ್ತು. ನಾಳೆ ಅಳಿಸಿ ನಿಂದು ಬರೀತಾರೆ.

ನಿಂಗೆ ಆ ಹತ್ತು ದಿನ ಕೊಟ್ಟಿದ್ರೆ, ಮೂರನೇ ವರ್ಷಕ್ಕೇ ಅಳಿಸ್ತಿದ್ರು.